ನ್ಯೂಪೋರ್ಟಿನ ಎರಡು ಮೈಕುಗಳು

ಅಮೆರಿಕದ ಐವತ್ತು ರಾಜ್ಯಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ರೋಡ್ ಐಲೆಂಡ್. ಅದರ ಕೊಲ್ಲಿಯಲ್ಲಿರುವ ಅಕ್ವಿಡ್ನೆಕ್ ಎಂಬ ದ್ವೀಪದ ದಕ್ಷಿಣ ತುದಿಯ ಊರು ನ್ಯೂಪೋರ್ಟ್. 1639ರಲ್ಲಿ ಹುಟ್ಟಿದ ಈ ಬಂದರು ಪಟ್ಟಣಕ್ಕೆ ಪಶ್ಚಿಮದಿಂದ ಬರುವವರು ಈಗ ಸುಮಾರು 3.4 ಕಿಲೋಮೀಟರ್ ಉದ್ದದ ತೂಗುಸೇತುವೆಯನ್ನು ದಾಟುತ್ತಾರೆ. ಸೇತುವೆ ಸಂಚಾರಕ್ಕೆ ತೆರೆದದ್ದು 1969ರಲ್ಲಿ. ಅದಕ್ಕೆ ಮೊದಲು ಆ ಕಡೆಯಿಂದ ಬರಬೇಕಾದರೆ ಫೆರಿ ದೋಣಿಯೇ ಗತಿ. ಸೇತುವೆಯ ನೆತ್ತಿಯಿಂದ ಕೆಳಗೆ ನೋಡಿದರೆ ಬೇಸಿಗೆಯಲ್ಲಿ ಕೊಲ್ಲಿಯ ತುಂಬ ಹಾಯಿದೋಣಿಗಳು. ಆಚೆಗೆ ಹಳೆಯ ಮರದ ಮನೆಗಳ ಇಕ್ಕಟ್ಟಾದ ಬೀದಿಗಳು.

ಈ ಊರಿಗೆ ಎರಡು ಮುಖ. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿಂದ ಹೊರಟ ಹಡಗುಗಳು ರಮ್ ಮದ್ಯವನ್ನೂ ಆಫ್ರಿಕದ ಗುಲಾಮರನ್ನೂ ಸಾಗಿಸಿದವು. ಊರು ಶ್ರೀಮಂತವಾದದ್ದು ಆ ಹಣದಿಂದಲೂ ಹೌದು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನ್ಯೂಯಾರ್ಕಿನ ಕುಬೇರರು ಬೇಸಿಗೆ ಕಳೆಯಲು ಇಲ್ಲಿ ಅರಮನೆಗಳನ್ನು ಕಟ್ಟಿಸಿ, ಅವಕ್ಕೆ ‘ಕುಟೀರ’ ಎಂದು ಹೆಸರಿಟ್ಟು ಕರೆದರು. ರೈಲ್ವೆ ದೊರೆ ವ್ಯಾಂಡರ್‌ಬಿಲ್ಟ್ ಮನೆತನದ ‘ದಿ ಬ್ರೇಕರ್ಸ್’ ಎಂಬ ಅಂಥ ಒಂದು ಕುಟೀರದಲ್ಲಿ 70 ಕೋಣೆಗಳಿವೆ! 1895ರಲ್ಲಿ ಪೂರ್ಣಗೊಂಡ ಅದು ಈಗ ವಸ್ತುಸಂಗ್ರಹಾಲಯ.

ಪ್ರವಾಸಿಗರು ನೋಡುವುದು ಸಾಮಾನ್ಯವಾಗಿ ಈ ಅರಮನೆಗಳನ್ನು, ಕಡಲಂಚಿನ ಬಂಡೆಗಳ ಮೇಲಿನ ಕಾಲುದಾರಿಯನ್ನು, ಮತ್ತು ‘ನ್ಯೂಪೋರ್ಟ್ ಕ್ಯಾಸಿನೋ’ ಎಂಬ ಹಳೆಯ ಕ್ಲಬ್ಬನ್ನು. ಹೆಸರು ಕ್ಯಾಸಿನೋ ಎಂದಿದ್ದರೂ ಜೂಜಾಟಕ್ಕೂ ಇದಕ್ಕೂ ನಂಟಿಲ್ಲ. ಅಮೆರಿಕದ ಮೊಟ್ಟಮೊದಲ ರಾಷ್ಟ್ರೀಯ ಟೆನಿಸ್ ಪಂದ್ಯಾವಳಿ 1881ರಲ್ಲಿ ನಡೆದದ್ದು ಇಲ್ಲಿನ ಹುಲ್ಲಿನ ಅಂಕಣದಲ್ಲಿ. ಈ ಕ್ಲಬ್ಬಿನ ಹಿಂಭಾಗದಲ್ಲಿ ಫ್ರೀಬಾಡಿ ಪಾರ್ಕ್ ಎಂಬ ಸಾಧಾರಣ ಆಟದ ಮೈದಾನವೊಂದಿದೆ. ಅದನ್ನು ಹುಡುಕಿಕೊಂಡು ಹೋಗುವ ಪ್ರವಾಸಿಗರು ಕಡಿಮೆ. ಆದರೆ ಧ್ವನಿಮುದ್ರಣದ ಚರಿತ್ರೆಯಲ್ಲಿ ಅರಮನೆಗಳಿಗಿಂತ ಈ ಮೈದಾನಕ್ಕೇ ದೊಡ್ಡ ಸ್ಥಾನ.

ಬಯಲಿಗೆ ಬಂದ ಜಾಝ್

ಜಾಝ್ ಬೆಳೆದದ್ದು ಆಫ್ರಿಕನ್ ಮೂಲದ ಅಮೆರಿಕನ್ನರ ನಡುವೆ, ನ್ಯೂ ಆರ್ಲಿಯನ್ಸ್‌ನಂಥ ಊರುಗಳ ಬೀದಿಗಳಲ್ಲಿ, ಆಮೇಲೆ ದೊಡ್ಡ ನಗರಗಳ ಹೊಗೆ ತುಂಬಿದ ಕ್ಲಬ್ಬುಗಳಲ್ಲಿ. ನಮ್ಮ ಸಂಗೀತದಲ್ಲಿ ಮನೋಧರ್ಮ ಎನ್ನುತ್ತೇವಲ್ಲ, ಜಾಝ್‌ನ ಜೀವಾಳವೂ ಅದೇ. ಒಂದು ಧಾಟಿ, ಒಂದು ತಾಳದ ಚೌಕಟ್ಟು ಇರುತ್ತದೆ. ಅದರೊಳಗೆ ಕಲಾವಿದ ಆ ಗಳಿಗೆಯಲ್ಲಿ ಹೊಳೆದದ್ದನ್ನು ನುಡಿಸುತ್ತಾನೆ. ಇಂದು ನುಡಿಸಿದ್ದು ನಾಳೆ ಬರುವುದಿಲ್ಲ. ಆದ್ದರಿಂದಲೇ ಜಾಝ್ ಕಛೇರಿಯ ಧ್ವನಿಮುದ್ರಣಕ್ಕೆ ಅಷ್ಟು ಬೆಲೆ. ಟೇಪಿನಲ್ಲಿ ಸಿಕ್ಕದ್ದು ಉಳಿಯಿತು, ಸಿಗದ್ದು ಹೋಯಿತು.

ಈ ಸಂಗೀತವನ್ನು ನ್ಯೂಪೋರ್ಟಿನ ಸಿರಿವಂತರ ಅಂಗಳಕ್ಕೆ ತಂದವರು ಜಾರ್ಜ್ ವೀನ್. ಬಾಸ್ಟನ್ನಿನಲ್ಲಿ ಜಾಝ್ ಕ್ಲಬ್ ನಡೆಸುತ್ತಿದ್ದ ಪಿಯಾನೊ ವಾದಕ. ನ್ಯೂಪೋರ್ಟಿನ ಲೊರಿಲಾರ್ಡ್ ದಂಪತಿಗಳ ನೆರವಿನಿಂದ ಅವರು 1954ರಲ್ಲಿ ಕ್ಯಾಸಿನೋದ ಹುಲ್ಲುಹಾಸಿನ ಮೇಲೆ ಮೊದಲ ಉತ್ಸವ ನಡೆಸಿದರು. ಮರುವರ್ಷ ಉತ್ಸವ ಫ್ರೀಬಾಡಿ ಪಾರ್ಕಿಗೆ ಬಂತು.

ಬಯಲು ರಂಗದ ಸಂಗೀತವನ್ನು ಹಿಡಿಯುವುದು ಸುಲಭದ ಕೆಲಸವಲ್ಲ. ಸಭಾಂಗಣದಲ್ಲಾದರೆ ಗೋಡೆ, ಚಾವಣಿಗಳಿಗೆ ಬಡಿದು ಮರಳುವ ಸದ್ದು ನಾದಕ್ಕೆ ತುಂಬು ಮೈ ಕೊಡುತ್ತದೆ. ಬಯಲಿನಲ್ಲಿ ಹೋದ ಸದ್ದು ಹೋಯಿತು. ಅದನ್ನು ಮರಳಿಸುವ ಗೋಡೆ ಇಲ್ಲ. ಕಡಲಗಾಳಿ ಮೈಕಿನ ಮೇಲೆ ಬೀಸಿದರೆ ಗುಡುಗಿನಂಥ ಗೊರಗೊರ. ಜನರಿಗಾಗಿ ಇಟ್ಟ ಧ್ವನಿವರ್ಧಕದ ಸದ್ದು ಮತ್ತೆ ಮೈಕಿಗೇ ನುಗ್ಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ದೂರ. ಬಯಲಿನಲ್ಲಿ ವಾದ್ಯಕ್ಕೂ ಮೈಕಿಗೂ ನಡುವಿನ ಅಂತರ ಇಮ್ಮಡಿಯಾದರೆ, ಮೈಕಿಗೆ ತಲುಪುವ ಶಬ್ದದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ವಿದ್ಯಾರ್ಥಿಗಳು ಓದುವ ವಿಲೋಮ ವರ್ಗ ನಿಯಮ ಇದೇ. ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ.

1955ರಲ್ಲಿ ಇಲ್ಲಿಗೆ ಬಂದ ತುತ್ತೂರಿ ವಾದಕ ಮೈಲ್ಸ್ ಡೇವಿಸ್‌ಗೆ ಈ ನಿಯಮವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾರ್ಯಕ್ರಮಪಟ್ಟಿಗೆ ಅವರ ಹೆಸರು ಸೇರಿದ್ದೇ ಕೊನೆಯ ಗಳಿಗೆಯಲ್ಲಿ. ಥೆಲೋನಿಯಸ್ ಮಂಕ್ ರಚಿಸಿದ ‘ರೌಂಡ್ ಮಿಡ್‌ನೈಟ್’ ನುಡಿಸುವಾಗ ಅವರು, ದನಿ ತಗ್ಗಿಸುವ ಮುಚ್ಚಳ ತೊಡಿಸಿದ್ದ ತುತ್ತೂರಿಯ ಬಾಯನ್ನು ನೇರವಾಗಿ ಮೈಕಿಗೆ ಒತ್ತಿ ಹಿಡಿದರು. ಪಿಸುಮಾತಿನಷ್ಟು ಮೆಲುವಾದ ನಾದ ಇಡೀ ಮೈದಾನಕ್ಕೆ ಕೇಳಿಸಿತು. ಕೊಲಂಬಿಯಾ ರೆಕಾರ್ಡ್ಸ್ ಕಂಪನಿಯ ನಿರ್ಮಾಪಕ ಜಾರ್ಜ್ ಅವಾಕಿಯನ್ ಡೇವಿಸ್‌ರನ್ನು ತಮ್ಮ ಕಂಪನಿಗೆ ಸೇರಿಸಿಕೊಂಡದ್ದು ಇದರ ನಂತರವೇ. ಒಂದು ಮೈಕಿನ ಸಾಮೀಪ್ಯ ಒಬ್ಬ ಕಲಾವಿದನ ದಾರಿಯನ್ನು ಬದಲಿಸಿತೆಂದರೆ ಉತ್ಪ್ರೇಕ್ಷೆಯಾಗದು. ಇದಕ್ಕೆ ಸರಿಯಾಗಿ ತಿರುವುಮುರುವಾದ ಘಟನೆ ಅದೇ ಮೈದಾನದಲ್ಲಿ ಮರುವರ್ಷವೇ ಕಾದಿತ್ತು.

1956ರ ಜುಲೈ 7ರ ರಾತ್ರಿ

ಡ್ಯೂಕ್ ಎಲಿಂಗ್ಟನ್‌ಗೆ ಆಗ 57 ವರ್ಷ. 1920ರ ದಶಕದಿಂದಲೂ ತಮ್ಮ ವಾದ್ಯವೃಂದವನ್ನು ಮುನ್ನಡೆಸುತ್ತ ಬಂದಿದ್ದ ಹಿರಿಯ ಸಂಯೋಜಕ. ಆದರೆ ಎರಡನೆಯ ಮಹಾಯುದ್ಧದ ನಂತರ ದೊಡ್ಡ ವಾದ್ಯವೃಂದಗಳ ಕಾಲ ಮುಗಿಯುತ್ತ ಬಂದಿತ್ತು. ಅಂಥ ಹಲವು ತಂಡಗಳು ಚದುರಿಹೋಗಿದ್ದವು. ಎಲಿಂಗ್ಟನ್ ಕಾಲವೂ ಮುಗಿಯಿತೆಂದು ಹೇಳುವವರಿದ್ದರು.

ಆ ಶನಿವಾರ ರಾತ್ರಿ ಅವರ ತಂಡ ಆರಂಭದಲ್ಲಿ ಒಂದೆರಡು ಕೃತಿಗಳನ್ನಷ್ಟೇ ನುಡಿಸಿ ಕೆಳಗಿಳಿಯಿತು. ತಂಡದ ಕೆಲವರು ಇನ್ನೂ ಬಂದಿರಲೇ ಇಲ್ಲ. ಬೇರೆ ತಂಡಗಳ ಸರದಿ ಮುಗಿದು ಮತ್ತೆ ವೇದಿಕೆ ಏರಿದಾಗ ನಡುರಾತ್ರಿ ಸಮೀಪಿಸಿತ್ತು. ಕೇಳುಗರಲ್ಲಿ ಕೆಲವರು ಮನೆಯ ದಾರಿ ಹಿಡಿಯುತ್ತಿದ್ದರು. ಉತ್ಸವಕ್ಕೆಂದೇ ಎಲಿಂಗ್ಟನ್ ಮತ್ತು ಅವರ ಜೊತೆಗಾರ ಬಿಲ್ಲಿ ಸ್ಟ್ರೇಹಾರ್ನ್ ಹೊಸದಾಗಿ ರಚಿಸಿದ್ದ ಕೃತಿಮಾಲೆಯನ್ನು ತಂಡ ನುಡಿಸಿತು. ಆಮೇಲೆ ಎಲಿಂಗ್ಟನ್ ಕೈಗೆತ್ತಿಕೊಂಡದ್ದು 1937ರ ತಮ್ಮ ಹಳೆಯ ಜೋಡಿ ರಚನೆ ‘ಡಿಮಿನ್ಯುಯೆಂಡೊ ಆ್ಯಂಡ್ ಕ್ರೆಸೆಂಡೊ ಇನ್ ಬ್ಲೂ’. ಹೆಸರೇ ಹೇಳುವಂತೆ ಮೊದಲ ಭಾಗದಲ್ಲಿ ನಾದ ಇಳಿಯುತ್ತ ಹೋಗುತ್ತದೆ, ಎರಡನೆಯದರಲ್ಲಿ ಏರುತ್ತ ಬರುತ್ತದೆ. ನಡುವಿನ ಸೇತುವೆಯನ್ನು ಅವರು ಟೆನರ್ ಸ್ಯಾಕ್ಸೊಫೋನ್ ವಾದಕ ಪಾಲ್ ಗೊನ್ಸಾಲ್ವಿಸ್‌ಗೆ ಬಿಟ್ಟುಕೊಟ್ಟರು.

ಕದ್ರಿ ಗೋಪಾಲನಾಥ್ ಅವರಿಂದಾಗಿ ಸ್ಯಾಕ್ಸೊಫೋನ್ ಕನ್ನಡಿಗರಿಗೆ ಹೊರಗಿನ ವಾದ್ಯವೇನಲ್ಲ. ಟೆನರ್ ಎಂಬುದು ಆ ಕುಟುಂಬದ ದಪ್ಪ ದನಿಯ ಅಣ್ಣ. ಗೊನ್ಸಾಲ್ವಿಸ್ ಕಣ್ಣು ಮುಚ್ಚಿ ನುಡಿಸತೊಡಗಿದರು. ಹನ್ನೆರಡು ಮಾತ್ರಾಗಣಗಳ ಒಂದು ಆವರ್ತ ಮುಗಿಯಿತು, ಎರಡು ಮುಗಿಯಿತು, ಹತ್ತು ಮುಗಿಯಿತು. ಹಿಂದೆ ಡ್ರಮ್ಮು ಮತ್ತು ಬಾಸ್ ವಾದ್ಯದ ಎಡೆಬಿಡದ ನಡೆ. ನಮ್ಮ ಕಛೇರಿಗಳಲ್ಲಿ ‘ಭೇಷ್’ ಎನ್ನುವಂತೆ ಎಲಿಂಗ್ಟನ್ ಕೂಗಿ ಹುರಿದುಂಬಿಸುತ್ತಿದ್ದರು. ವೇದಿಕೆಯ ಪಕ್ಕದಲ್ಲಿದ್ದ ಹಿರಿಯ ಡ್ರಮ್ ವಾದಕ ಜೋ ಜೋನ್ಸ್ ಸುರುಳಿ ಸುತ್ತಿದ ಪತ್ರಿಕೆಯನ್ನು ಬಡಿದು ತಾಳ ಹಾಕುತ್ತಿದ್ದರು. ಮುಂದಿನ ಸಾಲುಗಳಲ್ಲಿ ಮಹಿಳೆಯೊಬ್ಬರು ಎದ್ದು ಕುಣಿಯತೊಡಗಿದರು. ನೋಡುತ್ತಿದ್ದಂತೆ ಮೈದಾನವೇ ಎದ್ದು ನಿಂತಿತು. ಗೊನ್ಸಾಲ್ವಿಸ್ ನಿಲ್ಲಿಸಿದ್ದು 27 ಆವರ್ತಗಳ ನಂತರ. ಜನರ ಆವೇಶ ಕಂಡು ಗಾಬರಿಯಾದ ಸಂಘಟಕರು ಸಾಕು ಮಾಡಿರೆಂದು ಸನ್ನೆ ಮಾಡಿದರೂ ಎಲಿಂಗ್ಟನ್ ಕೇಳಲಿಲ್ಲ. ಇನ್ನಷ್ಟು ಕೃತಿಗಳನ್ನು ನುಡಿಸಿಯೇ ಜನರನ್ನು ಬೀಳ್ಕೊಟ್ಟರು. ಮರು ತಿಂಗಳು ‘ಟೈಮ್’ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ತಾವು ಹುಟ್ಟಿದ್ದು 1956ರಲ್ಲಿ, ನ್ಯೂಪೋರ್ಟಿನಲ್ಲಿ ಎಂದು ಅವರು ಮುಂದೆ ಹೇಳುತ್ತಿದ್ದರು.

ತಪ್ಪು ಮೈಕಿನ ಮುಂದೆ

ಆ ರಾತ್ರಿ ವೇದಿಕೆಯ ಮೇಲೆ ಎರಡು ಸಂಸ್ಥೆಗಳ ಮೈಕುಗಳಿದ್ದವು. ಒಂದು, ಎಲ್‌ಪಿ ತಟ್ಟೆ ತರಲು ಬಂದಿದ್ದ ಕೊಲಂಬಿಯಾ ಕಂಪನಿಯದು. ಇನ್ನೊಂದು, ಅಮೆರಿಕ ಸರ್ಕಾರ ಹೊರದೇಶಗಳ ಕೇಳುಗರಿಗಾಗಿ ನಡೆಸುತ್ತಿದ್ದ ‘ವಾಯ್ಸ್ ಆಫ್ ಅಮೆರಿಕ’ ಬಾನುಲಿಯದು. ಗೊನ್ಸಾಲ್ವಿಸ್ ಮುಂದೆ ಬಂದು ನಿಂತದ್ದು ಬಾನುಲಿಯ ಮೈಕಿನ ಎದುರಿಗೆ! ನಡುವೆ ತಡೆದು ‘ಸ್ವಲ್ಪ ಈಚೆ ಸರಿಯಿರಿ’ ಎನ್ನುವುದು ಸಾಧ್ಯವೇ? ಕೊಲಂಬಿಯಾದ ಟೇಪಿನಲ್ಲಿ ಜನರ ಕೇಕೆ, ಡ್ರಮ್ಮಿನ ಸದ್ದು ಚೆನ್ನಾಗಿಯೇ ಬಂದಿತ್ತು. ಅಷ್ಟಕ್ಕೆಲ್ಲ ಕಾರಣವಾದ ಸ್ಯಾಕ್ಸೊಫೋನ್ ಮಾತ್ರ ಪಕ್ಕದ ಕೋಣೆಯಿಂದ ಬಂದಂತೆ ಮಸುಕಾಗಿತ್ತು. ಅಂದಿನ ಧ್ವನಿಮುದ್ರಣ ಮೋನೊ. ಎಲ್ಲ ಮೈಕುಗಳ ಸದ್ದೂ ಒಂದೇ ಪಟ್ಟಿಯಲ್ಲಿ ಬೆರೆತುಹೋಗುತ್ತಿತ್ತು. ಹಾಲಿಗೆ ಬೆರೆಸಿದ ನೀರನ್ನು ಬೇರೆ ಮಾಡಲಾಗದಂತೆ, ಬೆರೆತ ಮೇಲೆ ಒಂದು ವಾದ್ಯವನ್ನಷ್ಟೇ ಎತ್ತಿ ಹೆಚ್ಚಿಸುವುದು ಅಂದು ಆಗುತ್ತಿರಲಿಲ್ಲ.

ಇನ್ನೊಂದು ತೊಡಕೂ ಇತ್ತು. ಹೊಸ ಕೃತಿಮಾಲೆಗೆ ತಾಲೀಮು ಸಾಲದೆ ವಾದನದಲ್ಲಿ ಕುಂದುಗಳು ಉಳಿದಿದ್ದವು. ಎಲಿಂಗ್ಟನ್‌ಗೆ ಅದು ತೃಪ್ತಿ ತಂದಿರಲಿಲ್ಲ. ಆದ್ದರಿಂದ ಒಂದು ದಿನ ಬಿಟ್ಟು, ಜುಲೈ 9ರ ಸೋಮವಾರ ತಂಡ ಸ್ಟುಡಿಯೊದಲ್ಲಿ ಸೇರಿ ಹಲವು ಭಾಗಗಳನ್ನು ಮತ್ತೆ ನುಡಿಸಿತು. ಅವಾಕಿಯನ್ ಅವನ್ನು ಉತ್ಸವದ ಟೇಪಿನ ತುಣುಕುಗಳೊಂದಿಗೆ ಜೋಡಿಸಿದರು. ಸ್ಟುಡಿಯೊದಲ್ಲಿ ನುಡಿಸಿದ್ದಕ್ಕೆ ಜನರ ಚಪ್ಪಾಳೆಯನ್ನೂ ಬೆರೆಸಿದರು. ಹೀಗೆ ಸಿದ್ಧವಾದ ‘ಎಲಿಂಗ್ಟನ್ ಅಟ್ ನ್ಯೂಪೋರ್ಟ್’ ಅವರ ತಟ್ಟೆಗಳಲ್ಲೆಲ್ಲ ಅತಿ ಹೆಚ್ಚು ಮಾರಾಟವಾಯಿತು. ಬಯಲು ಉತ್ಸವದ ಸಾಕ್ಷಾತ್ ದಾಖಲೆಯೆಂದು ಕೇಳುಗರು ನಂಬಿದ್ದ ಆ ತಟ್ಟೆಯ ದೊಡ್ಡ ಪಾಲು ಬಯಲಿನದಾಗಿರಲಿಲ್ಲ.

ಇದನ್ನು ಮೋಸವೆನ್ನಬೇಕೆ? ಅವಸರದ ತೀರ್ಪು ಸಲ್ಲದು. ತನ್ನ ಕೃತಿ ಕುಂದಿಲ್ಲದೆ ಜನರಿಗೆ ತಲುಪಲಿ ಎಂದು ರಚನಕಾರ ಬಯಸುವುದು ಸಹಜ. ಸ್ಟುಡಿಯೊದಲ್ಲಿ ನುಡಿಸಿದವರೂ ಅದೇ ಕಲಾವಿದರು. ಆದರೆ ಚಪ್ಪಾಳೆಯ ಮಾತು ಬೇರೆ. ಒಂದು ಗಳಿಗೆಯಲ್ಲಿ ಒಂದು ವಾದನಕ್ಕೆ ಸಂದ ಮೆಚ್ಚುಗೆಯನ್ನು ಇನ್ನೊಂದು ಗಳಿಗೆಯ ಇನ್ನೊಂದು ವಾದನದ ಬೆನ್ನಿಗೆ ಅಂಟಿಸಿದರೆ, ಸದ್ದು ಎಷ್ಟೇ ಸೊಗಸಾಗಿದ್ದರೂ ಅದು ದಾಖಲೆಯಲ್ಲ. ಮುದ್ರಣದ ಗುಣಮಟ್ಟವೆಂದರೆ ಇಂಪು, ಸ್ಪಷ್ಟತೆಗಳು ಮಾತ್ರವಲ್ಲ. ಕೇಳುವವನಿಗೆ ತಾನು ಏನನ್ನು ಕೇಳುತ್ತಿದ್ದೇನೆಂದು ತಿಳಿದಿರುವುದೂ ಅದರೊಳಗೆ ಸೇರಿದೆ.

ವಿಚಿತ್ರವೆಂದರೆ, ತಟ್ಟೆಯ ಜೀವ ಉಳಿದದ್ದು ಅದರಲ್ಲಿದ್ದ ಮಸುಕಾದ ಭಾಗದಿಂದಲೇ. ಗೊನ್ಸಾಲ್ವಿಸ್ ನುಡಿಸಿದ 27 ಆವರ್ತಗಳನ್ನು ಯಾರೂ ಸ್ಟುಡಿಯೊದಲ್ಲಿ ಮತ್ತೆ ಕಟ್ಟಲಿಲ್ಲ. ಕಟ್ಟಲು ಬರುವಂಥದೂ ಅಲ್ಲ. ಸ್ಯಾಕ್ಸೊಫೋನ್ ದೂರವಾಗಿದ್ದರೂ ಆವರ್ತದಿಂದ ಆವರ್ತಕ್ಕೆ ಏರುವ ಜನರ ಹುಯಿಲು ಆ ರಾತ್ರಿಯ ಕಥೆಯನ್ನು ಹೇಳುತ್ತಿತ್ತು.

ಗ್ರಂಥಾಲಯದಲ್ಲಿ ಸಿಕ್ಕ ಟೇಪು

ಹಾಗಾದರೆ ಬಾನುಲಿಯ ಟೇಪು ಎಲ್ಲಿ ಹೋಯಿತು? ವಾಯ್ಸ್ ಆಫ್ ಅಮೆರಿಕ 1955ರಿಂದ ವಿಲ್ಲಿಸ್ ಕೊನೋವರ್ ಅವರ ಜಾಝ್ ಕಾರ್ಯಕ್ರಮವನ್ನು ಶಾರ್ಟ್‌ವೇವ್ ಮೂಲಕ ಜಗತ್ತಿಗೆ ಕೇಳಿಸುತ್ತಿತ್ತು. ಉಕ್ಕಿನ ಪರದೆಯ ಆಚೆಗಿನ ದೇಶಗಳಲ್ಲೂ ಅದಕ್ಕೆ ಕೇಳುಗರಿದ್ದರು. ಸಂಗೀತ ಅಂದಿನ ಅಮೆರಿಕಕ್ಕೆ ರಾಜತಾಂತ್ರಿಕ ಸಾಧನವೂ ಆಗಿತ್ತು. ಎಲಿಂಗ್ಟನ್ ತಂಡ 1963ರಲ್ಲಿ ಭಾರತಕ್ಕೆ ಬಂದದ್ದೂ ಸರ್ಕಾರದ ಪ್ರಾಯೋಜನೆಯ ಪ್ರವಾಸದಲ್ಲೇ. ಅದರ ಅನುಭವ ‘ಫಾರ್ ಈಸ್ಟ್ ಸ್ವೀಟ್’ ಎಂಬ ಕೃತಿಮಾಲೆಗೆ ಪ್ರೇರಣೆಯಾಯಿತು. ಬಾನುಲಿಯ ಟೇಪುಗಳು ಕಾಲಕ್ರಮದಲ್ಲಿ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ಅಲ್ಲಿ 1996ರಲ್ಲಿ ನ್ಯೂಪೋರ್ಟಿನ ಆ ರಾತ್ರಿಯ ಟೇಪು ಪತ್ತೆಯಾಯಿತು. ಅದರಲ್ಲಿ ಗೊನ್ಸಾಲ್ವಿಸ್ ಎದುರಿಗೇ ನಿಂತು ನುಡಿಸುತ್ತಿದ್ದರು!

ಜಾಝ್ ಚರಿತ್ರಕಾರ ಫಿಲ್ ಶಾಪ್ ಅವರ ಉಸ್ತುವಾರಿಯಲ್ಲಿ ಎರಡೂ ಟೇಪುಗಳನ್ನು ಕೂಡಿಸುವ ಕೆಲಸ ನಡೆಯಿತು. ಒಂದೇ ವೇದಿಕೆ, ಒಂದೇ ಗಳಿಗೆ, ಎರಡು ಕಡೆಯ ಮೈಕು. ಒಂದನ್ನು ಒಂದು ಕಿವಿಗೂ ಇನ್ನೊಂದನ್ನು ಇನ್ನೊಂದು ಕಿವಿಗೂ ಕೊಟ್ಟರೆ ಸ್ಟೀರಿಯೊ ಆಗುತ್ತದಲ್ಲವೆ? ಹೇಳಿದಷ್ಟು ಸುಲಭವಲ್ಲ. ಎರಡು ಟೇಪ್‌ರೆಕಾರ್ಡರುಗಳು ಎಂದೂ ಒಂದೇ ವೇಗದಲ್ಲಿ ಓಡುವುದಿಲ್ಲ. ವೇಗದಲ್ಲಿ ಸಾವಿರಕ್ಕೆ ಒಂದು ಪಾಲಿನಷ್ಟು ವ್ಯತ್ಯಾಸವಿದ್ದರೂ, ಹದಿನಾಲ್ಕು ನಿಮಿಷಗಳ ಕೃತಿ ಮುಗಿಯುವಷ್ಟರಲ್ಲಿ ಒಂದು ಇನ್ನೊಂದಕ್ಕಿಂತ ಮುಕ್ಕಾಲು ಸೆಕೆಂಡಿಗೂ ಹೆಚ್ಚು ಹಿಂದೆ ಬೀಳುತ್ತದೆ. ಕಂಪ್ಯೂಟರಿನ ನೆರವಿನಿಂದ ಎರಡನ್ನೂ ಹೆಜ್ಜೆ ಹೆಜ್ಜೆಗೂ ಸರಿದೂಗಿಸಬೇಕಾಯಿತು. 1956ರಲ್ಲಿ ಈ ಉಪಾಯ ಕೈಗೆಟಕುವಂತಿರಲಿಲ್ಲ.

ಪೂರ್ಣ ಆವೃತ್ತಿ ಎರಡು ಸಿ.ಡಿ.ಗಳಾಗಿ 1999ರಲ್ಲಿ ಹೊರಬಂತು. ಅದರಲ್ಲಿ ಉತ್ಸವದ ವಾದನವೂ ಇದೆ, ಸೋಮವಾರದ ಸ್ಟುಡಿಯೊ ವಾದನವೂ ಇದೆ. ಯಾವುದು ಎಲ್ಲಿಯದೆಂದು ಬೇರೆ ಬೇರೆಯಾಗಿ ತಿಳಿಸಲಾಗಿದೆ. 43 ವರ್ಷಗಳ ಬಳಿಕ ಕೇಳುಗರಿಗೆ ನಡೆದದ್ದು ನಡೆದಂತೆ ಸಿಕ್ಕಿತು. ಆದರೆ ಎಲಿಂಗ್ಟನ್ ಮತ್ತು ಗೊನ್ಸಾಲ್ವಿಸ್ ಇಬ್ಬರೂ 1974ರ ಮೇ ತಿಂಗಳಲ್ಲೇ ತೀರಿಕೊಂಡಿದ್ದರು. ತನ್ನ ಬದುಕಿನ ಅತಿ ಪ್ರಸಿದ್ಧ ವಾದನವನ್ನು ಸ್ಪಷ್ಟವಾಗಿ ಮುದ್ರಿಸಿದ ತಟ್ಟೆಯನ್ನು ನೋಡುವ ಭಾಗ್ಯ ಗೊನ್ಸಾಲ್ವಿಸ್‌ಗೆ ಸಿಗಲಿಲ್ಲ.

ಕೋಟೆಯೊಳಗಿನ ಉತ್ಸವ

ಉತ್ಸವದ ದಾರಿಯೂ ನೇರವಾಗಿರಲಿಲ್ಲ. 1960ರಲ್ಲಿ ಟಿಕೆಟ್ಟಿಲ್ಲದ ಯುವಕರ ದಾಂಧಲೆಯಿಂದ ಅರ್ಧಕ್ಕೆ ನಿಂತಿತು. 1971ರಲ್ಲಿ ಮತ್ತೆ ಗಲಭೆಯಾಗಿ, ಮರುವರ್ಷ ನ್ಯೂಯಾರ್ಕಿಗೆ ಹೋಯಿತು. 1981ರಲ್ಲಿ ನ್ಯೂಪೋರ್ಟಿಗೆ ಮರಳಿದಾಗ ಅದಕ್ಕೆ ಸಿಕ್ಕ ಜಾಗ ಬಂದರಿನ ಬಾಯಿಗೆ ಕಾವಲಾಗಿ 1824ರಿಂದ 1857ರವರೆಗೆ ಕಟ್ಟಿದ ಆಡಮ್ಸ್ ಕೋಟೆ. ಇಂದಿಗೂ ಬೇಸಿಗೆಯಲ್ಲಿ ಉತ್ಸವ ನಡೆಯುವುದು ಇಲ್ಲಿಯೇ. ಕೊಲ್ಲಿಗೆ ತೆರೆದ ಬಯಲಿನಲ್ಲಿ ಒಂದು ವೇದಿಕೆ, ಕಲ್ಲಿನ ಗೋಡೆಗಳ ನಡುವಿನ ಅಂಗಳದಲ್ಲಿ ಇನ್ನೊಂದು. ಟಿಕೆಟ್ ಕೊಳ್ಳದವರೂ ತಮ್ಮ ದೋಣಿಗಳಲ್ಲಿ ಕುಳಿತು ನೀರಿನ ಮೇಲಿಂದಲೇ ಕೇಳುತ್ತಾರೆ. ಉತ್ಸವವನ್ನು ಹುಟ್ಟುಹಾಕಿದ ಜಾರ್ಜ್ ವೀನ್ 2021ರಲ್ಲಿ, ತಮ್ಮ 95ನೆಯ ವಯಸ್ಸಿನಲ್ಲಿ ನಿಧನರಾದರು.

ಈಗ ದೊಡ್ಡ ವೇದಿಕೆಗಳಲ್ಲಿ ಪ್ರತಿ ವಾದ್ಯಕ್ಕೂ ಬೇರೆ ಮೈಕು. ಅದರಿಂದ ಬರುವ ಸದ್ದನ್ನು ಎರಡು ಕವಲಾಗಿ ಒಡೆದು ಒಂದನ್ನು ಧ್ವನಿವರ್ಧಕಕ್ಕೂ ಇನ್ನೊಂದನ್ನು ಮುದ್ರಣಕ್ಕೂ ಕಳಿಸುತ್ತಾರೆ. ಪ್ರತಿ ವಾದ್ಯವೂ ತನ್ನದೇ ಪಟ್ಟಿಯಲ್ಲಿ ಉಳಿಯುವುದರಿಂದ ಮಸುಕಾದದ್ದನ್ನು ಆಮೇಲೆ ಎತ್ತಿ ತೋರಿಸಬಹುದು. ಬೇಡವಾದದ್ದನ್ನು ಅಳಿಸಿ ಇಲ್ಲದ್ದನ್ನು ಸೇರಿಸುವುದೂ ಅಷ್ಟೇ ಸಲೀಸು. 1956ರಲ್ಲಿ ಕತ್ತರಿ, ಅಂಟುಪಟ್ಟಿ ಹಿಡಿದು ಕುಳಿತು ಮಾಡಿದ ಕೆಲಸವನ್ನು ಇಂದು ಶಾಲೆಯ ಹುಡುಗನೂ ಕಂಪ್ಯೂಟರಿನಲ್ಲಿ ಮಾಡಬಲ್ಲ.

ಶಾಲೆಯ ವಾರ್ಷಿಕೋತ್ಸವದ ಹಾಡನ್ನೋ ಅಜ್ಜಿಯ ಸಂಪ್ರದಾಯದ ಪದವನ್ನೋ ಮೊಬೈಲಿನಲ್ಲಿ ಹಿಡಿಯುವ ಮಕ್ಕಳಿಗೆ ನ್ಯೂಪೋರ್ಟಿನ ಕಥೆಯಲ್ಲಿ ಪಾಠವಿದೆ. ಹಾಡುವವರಿಗೆ ಹತ್ತಿರವಿರಬೇಕು, ಧ್ವನಿವರ್ಧಕದಿಂದ ದೂರವಿರಬೇಕು, ಗಾಳಿಗೆ ಮರೆ ಮಾಡಬೇಕು. ಸಾಧ್ಯವಾದರೆ ಇನ್ನೊಬ್ಬರು ಬೇರೊಂದು ಮೂಲೆಯಿಂದ ಮುದ್ರಿಸಿಕೊಳ್ಳಲಿ. ಯಾರು, ಎಲ್ಲಿ, ಯಾವ ದಿನ ಎಂಬುದನ್ನು ಬರೆದಿಡಬೇಕು. ತಿದ್ದಿದ ಪ್ರತಿ ಎಷ್ಟೇ ಚೆನ್ನಾಗಿರಲಿ, ತಿದ್ದದ ಮೂಲವನ್ನು ಅಳಿಸಬಾರದು. ತಂದೆತಾಯಿ ಸಹಾಯ ಮಾಡಬಹುದಾದದ್ದು ಈ ಕೊನೆಯ ಕೆಲಸದಲ್ಲೇ. ಜೋಪಾನವಾಗಿ ಎತ್ತಿಡುವುದು ದೊಡ್ಡವರ ಬುದ್ಧಿ.

ಫ್ರೀಬಾಡಿ ಪಾರ್ಕಿನಲ್ಲಿ ಈಗ ಊರಿನ ಶಾಲಾ ಮಕ್ಕಳು ಫುಟ್‌ಬಾಲ್ ಆಡುತ್ತಾರೆ. ವೇದಿಕೆ ಇಲ್ಲ, ಮೈಕುಗಳಿಲ್ಲ, ಬಯಲಿಗೆ ಹೋದ ಸದ್ದು ಮರಳುವುದೂ ಇಲ್ಲ. ಗೊನ್ಸಾಲ್ವಿಸ್ ನುಡಿಸಿದ ಆ 27 ಆವರ್ತಗಳು ಮಾತ್ರ, ಒಂದು ಗ್ರಂಥಾಲಯ ಎಸೆಯದೆ ಕಾಪಾಡಿದ್ದರಿಂದ, ಬಯಸಿದವರ ಕಿವಿಗೆ ಇಂದಿಗೂ ಸಿಗುತ್ತವೆ.